ಬೆಚ್ಚಗಿನ ಮನೆಗೆ ತೂತು ಕೊರೆಯುವ ಐವಜ್

ಆಬಾನ್ ತಿಂಗಳ ಮೊದಲ ವಾರ, ಚಳಿಗಾಲ ಇನ್ನೇನು ಕಾಲಿಡುವ ಹೊತ್ತು. ಅರ್ದಬೀಲಿನಲ್ಲಿ ಸೂರ್ಯ ಇನ್ನೂ ಹುಟ್ಟಿಲ್ಲ, ರೊಟ್ಟಿ ಅಂಗಡಿಯ ಮುಂದೆ ಆಗಲೇ ಸಾಲು ನಿಂತಿದೆ. ಚರಂಡಿಯ ಅಂಚಿಗೆ ತೆಳ್ಳಗೆ ಮಂಜುಗಡ್ಡೆ ಕಟ್ಟಿದೆ. ಸಾಲಿಗೆ ಸೇರದ ಒಬ್ಬರು ಮಾತ್ರ ಓಣಿಯ ನಡುವೆ ಕತ್ತೆತ್ತಿ ನಿಂತು, ದೀಪ ಹಚ್ಚಿದ ಮನೆಗಳ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಿದ್ದಾರೆ. ಬೇರೆ ಯಾರಾದರೂ ಹೀಗೆ ನೋಡಿದ್ದರೆ ಇಷ್ಟು ಹೊತ್ತಿಗೆ ಧರ್ಮದೇಟು ಬೀಳುತ್ತಿತ್ತು.

"ಏನ್ ಉಸ್ತಾ, ಇವತ್ತು ಯಾರ ಮನೆ ಗಾಜು ಅಳ್ತಾ ಇದೆ?" ಎಂದು ಸಾಲಿನಲ್ಲಿದ್ದವನೊಬ್ಬ ಕೂಗುತ್ತಾನೆ. ಉಳಿದವರು ನಗುತ್ತಾರೆ.

"ಮೂರನೇ ಮಹಡಿ," ಎನ್ನುತ್ತಾರೆ ಐವಜ್. ಅವರು ನಗುವುದಿಲ್ಲ. ನೇರ ಹೋಗಿ ಆ ಮನೆಯ ಗಂಟೆ ಒತ್ತುತ್ತಾರೆ.

"ಯಾರು?" ಬಾಗಿಲ ಪಕ್ಕದ ಡಬ್ಬಿಯೊಳಗಿಂದ ಹೆಂಗಸಿನ ನಿದ್ದೆಗಣ್ಣಿನ ದನಿ.

"ನಾನಮ್ಮ, ಕಿಟಕಿ ಐವಜ್. ತೂತಿಗೆ ಏನು ತುರುಕಿದೀರಿ?"

"ಇನ್ನೂ ಬೆಳಗೇ ಆಗಿಲ್ವಲ್ಲ ಉಸ್ತಾ! ಏನೂ ತುರುಕಿಲ್ಲ."

"ಗಾಜು ಬೇರೆ ಹೇಳ್ತಿದೆ."

ಡಬ್ಬಿಯೊಳಗೆ ಮೊದಲು ಒಂದು ಆಕಳಿಕೆ. ಆಮೇಲೆ, "ನಮ್ಮೆಜಮಾನ್ರ ಬನೀನು. ಹಳೇದು. ಮಗೂಗೆ ಶೀತ ಆಗುತ್ತೆ ಅಂತ..."

"ಮಗೂಗೆ ಟೋಪಿ ಹಾಕಮ್ಮ. ಗೋಡೆಗೆ ಬನೀನು ಹಾಕ್ಬೇಡ."

ಐವಜ್ ಮತ್ತೆ ಓಣಿಯ ನಡುವೆ ಬಂದು ಕಾಯುತ್ತಾರೆ. ಗೋಡೆಯ ತೂತಿನಲ್ಲಿ ಇಣುಕುತ್ತಿದ್ದ ಬಿಳಿ ಬಟ್ಟೆಯ ತುದಿ ಒಳಕ್ಕೆ ಸರಿದು ಹೋದ ಮೇಲೆಯೇ ಅವರು ಮುಂದಿನ ಓಣಿಗೆ ಕಾಲಿಡುವುದು.

ಐವಜ್‌ಗೆ ಈಗ ಐವತ್ತೆಂಟು. ಮೂವತ್ತಮೂರು ವರ್ಷಗಳಿಂದ ಈ ಊರಿನ ಮನೆಗಳಿಗೆ ಕಿಟಕಿ ಕೂರಿಸುತ್ತಿದ್ದಾರೆ. ಚಳಿ ತಡೆಯುವ ಜೋಡಿ ಗಾಜಿನ ಕಿಟಕಿ, ಮೂರು ಗಾಜಿನ ಕಿಟಕಿ, ಇದೇ ಅವರ ಕಸುಬು. ಕಿಟಕಿ ಕೂರಿಸಿದ ಮೇಲೆ ಬೇರಾವ ಕಿಟಕಿಯವನೂ ಮಾಡದ ಒಂದು ಕೆಲಸವನ್ನು ಅವರು ಮಾಡುತ್ತಾರೆ. ಅಷ್ಟು ಮುತುವರ್ಜಿಯಿಂದ ಬಿಗಿ ಮಾಡಿದ ಮನೆಯ ಗೋಡೆಗೆ, ದುಡ್ಡು ಕೇಳದೆ, ಅಂಗೈಯಗಲ ತೂತು ಕೊರೆಯುತ್ತಾರೆ. ಊರಿನವರು ಅವರನ್ನು 'ತೂತಿನ ಉಸ್ತಾ', ಅಂದರೆ ತೂತಿನ ಮೇಸ್ತ್ರಿ ಎನ್ನುತ್ತಾರೆ, ಎದುರಿಗೇ. ಬೆನ್ನ ಹಿಂದೆ ಅನ್ನುವುದನ್ನು ಇಲ್ಲಿ ಬರೆಯುವಂತಿಲ್ಲ.

ಅವರ ಲೆಕ್ಕ ಸರಳ. ಇಲ್ಲಿ ಪ್ರತಿ ಮನೆಯಲ್ಲೂ ಕೋಣೆ ಬೆಚ್ಚಗಿಡುವ ಗ್ಯಾಸ್ ಒಲೆ ಹಗಲೂ ರಾತ್ರಿ ಉರಿಯುತ್ತದೆ. ಉರಿಗೆ ಗಾಳಿ ಬೇಕು. ಹಳೆಯ ಮರದ ಕಿಟಕಿಗಳ ಸಂದಿಯಿಂದ ಅದು ತಾನೇ ನುಗ್ಗುತ್ತಿತ್ತು. ಈಗಿನ ಕಿಟಕಿಯ ಅಂಚಿಗೆ ರಬ್ಬರು. ಸಂದಿಯೇ ಇಲ್ಲ. ಹೊಸ ಗಾಳಿ ಬಾರದಿದ್ದರೆ ಒಲೆಯ ಹೊಗೆ ಕೊಳವೆಯಲ್ಲಿ ಮೇಲಕ್ಕೆ ಹೋಗಬೇಕಾದ ಕೆಟ್ಟ ಗಾಳಿ ತಿರುಗಿ ಕೋಣೆಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಗಾಳಿಯಾಡದ ಮನೆಯ ಗಾಜು ಮುಂಜಾನೆ ಒಳಬದಿಯಿಂದ ಬೆವೆತು, ನೀರು ಗೆರೆಗೆರೆಯಾಗಿ ಇಳಿಯುತ್ತದೆ. ಅದಕ್ಕೇ ಐವಜ್ ಮುಂಜಾನೆಯೇ ಹೊರಡುವುದು. ಬಿಸಿಲೇರಿದರೆ ಗಾಜು ಒಣಗಿ, ಎಲ್ಲ ಮನೆಗಳೂ ಒಂದೇ ಥರ ಸಭ್ಯವಾಗಿ ಕಾಣುತ್ತವೆ.

ಏಳು ವರ್ಷಗಳಲ್ಲಿ ಆರುನೂರ ನಲವತ್ತು ಮನೆಗಳಿಗೆ ತೂತು ಕೊರೆದಿದ್ದಾರೆ. ಚಳಿಗಾಲದಲ್ಲಿ ದಿನಕ್ಕೆ ಇಪ್ಪತ್ತು ಮನೆ ನೋಡುತ್ತಾರೆ. ಮೊದಲ ಮಂಜು ಬಿದ್ದ ವಾರ ಅದರಲ್ಲಿ ಏಳೆಂಟು ಮನೆ ಬೆವೆತಿರುತ್ತವೆ. ತೂತಿನಿಂದ ಅವರು ಹೊರತೆಗೆದದ್ದು ಒಂದೆರಡಲ್ಲ: ಕಾಲುಚೀಲ, ಉಪ್ಪಿನಕಾಯಿ ಜಾಡಿಯ ಮುಚ್ಚಳ, ಗೊಂಬೆಯ ತಲೆ, ಮದುವೆ ದುಪ್ಪಟ್ಟ. ಒಂದು ಮನೆಯಲ್ಲಂತೂ ಅಳತೆಗೆ ಸರಿಯಾಗಿ ಕೆತ್ತಿದ ದಪ್ಪ ಆಲೂಗಡ್ಡೆ. "ಆಲೂಗಡ್ಡೆ ಕೆತ್ತೋಕೆ ಆ ಮನುಷ್ಯ ಒಂದು ಗಂಟೆ ಕೂತಿರ್ತಾನೆ," ಎನ್ನುತ್ತಾರೆ ಐವಜ್. "ನಾನು ತೂತು ಯಾಕೆ ಅಂತ ಹೇಳೋವಾಗ ಒಂದು ನಿಮಿಷ ಕೂರಲಿಲ್ಲ."

ಎಂಟು ಗಂಟೆಗೆ ತೂಬಾ ಖಾನಿಮ್ ಅವರ ಮನೆ. ನಿವೃತ್ತ ಶಾಲಾ ಮೇಡಂ. ಹೊಸ ಕಿಟಕಿ ಆರಿಸಬೇಕು. ನೆಲಗಂಬಳಿಯ ಮೇಲೆ ನಾಲ್ಕು ಅಂಗಡಿಗಳ ಬಣ್ಣಬಣ್ಣದ ಪುಸ್ತಕ ಹರವಿಕೊಂಡು ಅತ್ತೆ ಸೊಸೆ ಎದುರುಬದುರು ಕೂತಿದ್ದಾರೆ. ಐವಜ್ ಸಕ್ಕರೆ ಉಂಡೆಯನ್ನು ಹಲ್ಲಿಗೆ ಕಚ್ಚಿಕೊಂಡು ಚಹಾ ಹೀರುತ್ತಾ ಕಾಯುತ್ತಾರೆ.

"ನನಗೆ ಹೊಂಬಣ್ಣದ ಮರದ ಥರದ್ದೇ ಬೇಕು," ಎನ್ನುತ್ತಾರೆ ತೂಬಾ ಖಾನಿಮ್. "ನನ್ನ ತಂಗಿ ಮನೇಲಿ ಅದೇ ಇರೋದು."

"ಅತ್ತೆ, ಅದು ಶವಪೆಟ್ಟಿಗೆ ಥರ ಕಾಣುತ್ತೆ," ಎನ್ನುತ್ತಾಳೆ ಸೊಸೆ ಸೆವಿಲ್.

"ನಿಂಗೆ ನನ್ನ ತಂಗಿ ಕಂಡ್ರೆ ಆಗಲ್ಲ, ಅದಕ್ಕೆ ಹಂಗಂತೀಯ."

"ಚೌಕಟ್ಟಿನ ಬಣ್ಣ ಹೊದ್ಕೊಂಡು ಮಲಗ್ತೀರಾ ಮೇಡಂ?" ಐವಜ್ ಲೋಟ ಕೆಳಗಿಡುತ್ತಾರೆ. "ಕಿಟಕೀಲಿ ಮುಕ್ಕಾಲು ಪಾಲು ಗಾಜೇ. ಬಣ್ಣಕ್ಕೆ ಸುರಿಯೋ ದುಡ್ಡು ಗಾಜಿಗೆ ಹಾಕಿ. ಉತ್ತರದ ಗೋಡೆಗೆ ಮೂರು ಗಾಜಿಂದು. ದಕ್ಷಿಣಕ್ಕೆ ಬೇಡ, ಎರಡು ಸಾಕು, ಬಿಸಿಲು ಒಳಗೆ ಬರಲಿ. ಬಿಸಿಲಿಗೆ ಯಾರೂ ಬಿಲ್ ಕಳಿಸಲ್ಲ."

ಆಮೇಲೆ ಜೇಬಿನಿಂದ ಜೋಡಿ ಗಾಜಿನ ಎರಡು ಪುಟ್ಟ ಮಾದರಿ ತೆಗೆದು, ಪರದೆ ಎಳೆದು, ಲೈಟರ್ ಹಚ್ಚಿ ಒಂದರ ಎದುರಿಗೆ ಹಿಡಿಯುತ್ತಾರೆ. ಜೋಡಿ ಗಾಜಿಗೆ ನಾಲ್ಕು ಮೈ, ಹಾಗಾಗಿ ಅದರೊಳಗೆ ಜ್ವಾಲೆಯ ನಾಲ್ಕು ಪ್ರತಿಬಿಂಬ ಕಾಣುತ್ತವೆ. "ಬಣ್ಣ ನೋಡಿ. ಮೂರನೇದು ಕೆಂಪಗಿದೆಯಲ್ಲ? ಅಲ್ಲಿ ಕಣ್ಣಿಗೆ ಕಾಣದ ಲೋಹದ ಲೇಪ ಇದೆ. ಒಲೆ ಬಿಸೀನ ತಿರುಗಿಸಿ ಒಳಗೇ ಕಳಿಸುತ್ತೆ. ಈ ಇನ್ನೊಂದು ನೋಡಿ, ನಾಲ್ಕೂ ಒಂದೇ ಬಣ್ಣ. ಬರೀ ಗಾಜು. ಅಂಗಡಿಯೋರು ಎರಡನ್ನೂ ಒಂದೇ ಹೆಸರಲ್ಲಿ ಮಾರ್ತಾರೆ. ಹೆಸರು ಕೇಳ್ಬೇಡಿ, ಬೆಂಕಿ ಹಿಡಿದು ನೋಡಿ."

ಅತ್ತೆ ಸೊಸೆ ಇಬ್ಬರೂ ಒಂದೇ ಲೈಟರ್‌ಗೆ ತಲೆ ತಾಗಿಸಿ ನೋಡುತ್ತಾರೆ. ಅಲ್ಲಿಯವರೆಗೆ ಎಲ್ಲವೂ ಸುಸೂತ್ರ. ಐವಜ್ ಗೋಡೆಯ ಮೇಲೆ ಪೆನ್ಸಿಲಿನಿಂದ ಎರಡು ವೃತ್ತ ಬರೆದ ಕೂಡಲೇ ತೂಬಾ ಖಾನಿಮ್ ಎದ್ದು ನಿಲ್ಲುತ್ತಾರೆ.

"ಇದೇನು?"

"ತೂತು."

"ನಲವತ್ತು ವರ್ಷ ಚಳೀಲಿ ನಡುಗಿ, ಈಗ ಬೆಚ್ಚಗಿರೋಣ ಅಂತ ಕಿಟಕಿ ಹಾಕಿಸ್ತಿದೀನಿ. ನೀವು ಗೋಡೆಗೆ ತೂತು ಹಾಕ್ತೀರಾ? ತಲೆ ಸರಿ ಇದೆಯಾ ಉಸ್ತಾ?"

"ತೂತು ಇಲ್ಲ ಅಂದ್ರೆ ಕಿಟಕಿಯೂ ಇಲ್ಲ ಮೇಡಂ."

ಹೀಗೆ ಹೇಳಿಯೇ ಐವಜ್ ಕೆಲಸ ಕಳೆದುಕೊಂಡದ್ದು. ಮೊದಲು ಅವರಿದ್ದದ್ದು ಒಂದು ದೊಡ್ಡ ಅಂಗಡಿಯಲ್ಲಿ. ತೂತಿನ ಮಾತೆತ್ತಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆಂದು ಯಜಮಾನರು ಎರಡು ಸಲ ಹೇಳಿದರು, ಮೂರನೆಯ ಸಲ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಇಪ್ಪತ್ತಾರು ವರ್ಷದ ಚಾಕರಿಗೆ ಬೀಳ್ಕೊಡುಗೆಯೆಂದು ಕೈಗೆ ಬಂದದ್ದು ಒಂದು ಗೋಡೆ ಗಡಿಯಾರ. ಊರಿನ ಹೊಸ ಕಟ್ಟಡಗಳೆಲ್ಲ ಈಗ ಆ ಅಂಗಡಿಯ ಪಾಲು. ಐವಜ್‌ಗೆ ಉಳಿದದ್ದು ಬಿಡಿ ಮನೆಗಳು, ಮತ್ತು ಬೈಗುಳ.

ಅವರು ಮೊದಲಿನಿಂದ ಹೀಗಿರಲಿಲ್ಲ. ಊರಿನಲ್ಲಿ ಅವರಷ್ಟು ಬಿಗಿಯಾಗಿ ಕಿಟಕಿ ಕೂರಿಸುವವರು ಇರಲಿಲ್ಲ ಎನ್ನುವುದನ್ನು ಆಗದವರೂ ಒಪ್ಪುತ್ತಾರೆ. ಹುಡುಗನಾಗಿದ್ದಾಗ ಪ್ರತಿ ಶರತ್ಕಾಲ ಅವರೂ ಅಕ್ಕ ಸೋನಾಳೂ ಸೇರಿ, ತಾಯಿ ಕಾಯಿಸಿಕೊಟ್ಟ ಹಿಟ್ಟಿನ ಅಂಟಿನಿಂದ ಕಿಟಕಿಯ ಸಂದಿಗಳಿಗೆಲ್ಲ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಆದರೂ ಬೆಳಗ್ಗೆ ಏಳುವಷ್ಟರಲ್ಲಿ ಹೂಜಿಯ ನೀರು ಗಡ್ಡೆ ಕಟ್ಟಿರುತ್ತಿತ್ತು. ಸೋನಾ ಕೈಬೆರಳು ಬಾತು ಅಳುತ್ತಿದ್ದಳು. ದೊಡ್ಡವನಾದ ಮೇಲೆ ನಿನ್ನ ಮನೆಗೆ ಗಾಳಿಯೇ ನುಗ್ಗದ ಕಿಟಕಿ ಹಾಕಿಕೊಡುತ್ತೇನೆಂದು ತಮ್ಮ ಮಾತು ಕೊಟ್ಟಿದ್ದ.

ಆ ಮಾತನ್ನು ಅವರು ಏಳು ವರ್ಷದ ಹಿಂದೆ ನಡೆಸಿದರು. ಸೋನಾಳ ಮನೆಗೆ ಆರು ಕಿಟಕಿ, ಆರೂ ಮೂರು ಗಾಜಿನವು, ಒಳ್ಳೆಯ ಲೇಪದವು, ಅಂಚಿಗೆ ಎರಡು ಸುತ್ತು ರಬ್ಬರು. ಗಾಜನ್ನು ತಾವೇ ಆರಿಸಿದರು, ತಾವೇ ಕೂರಿಸಿದರು. ಕೆಲಸ ಮುಗಿದ ಮೇಲೆ ಮೇಣದಬತ್ತಿ ಹಚ್ಚಿ ಪ್ರತಿ ಕಿಟಕಿಯ ಅಂಚಿನಗುಂಟ ನಿಧಾನವಾಗಿ ಸುತ್ತಿಸಿದರು. ಜ್ವಾಲೆ ಎಲ್ಲಿಯೂ ಅಲುಗಲಿಲ್ಲ. "ನೋಡಕ್ಕ, ನಿಂತಲ್ಲೇ ನಿಂತಿದೆ ಅಂದೆ," ಎನ್ನುತ್ತಾರೆ ಐವಜ್. "ಜಂಬದಿಂದ ಹೇಳಿದೆ. ಭಾವನ್ನೂ ಕರೆದು ತೋರಿಸಿದೆ."

ಆ ವರ್ಷ ಚಿಲ್ಲೆ ಹಬ್ಬ ಬಂತು, ವರ್ಷದ ಅತಿ ಉದ್ದದ ರಾತ್ರಿ. ತಾಯಿ ಮಾಡುತ್ತಿದ್ದ ಹಾಗೆ ಕುರ್ಸಿ ಇಡಬೇಕೆಂದು ಸೋನಾಗೆ ಆಸೆಯಾಯಿತು. ನಡುವೆ ಗಿಡ್ಡ ಮೇಜು, ಅದರಡಿ ಬೂದಿ ಮುಚ್ಚಿದ ಕೆಂಡದ ಅಗ್ಗಿಷ್ಟಿಕೆ, ಮೇಲೆ ಇಡೀ ಮನೆಯವರ ಕಾಲು ಮುಚ್ಚುವಷ್ಟು ದೊಡ್ಡ ರಜಾಯಿ. ಗ್ಯಾಸ್ ಬಂದ ಮೇಲೆ ಅಟ್ಟ ಸೇರಿದ್ದ ಆ ಮೇಜನ್ನು ಇಳಿಸಿ ತಂದುಕೊಟ್ಟವರು ಐವಜ್. ಇದ್ದಿಲ ಚೀಲ ಹೊತ್ತು ತಂದವರೂ ಅವರೇ. ಅಕ್ಕ ಕೊಟ್ಟ ಕಲ್ಲಂಗಡಿ ಹೋಳು ತಿಂದು, ಕತ್ತಲಾಗುವ ಮೊದಲೇ ಹೊರಟು ಬಂದರು. ಮರುದಿನ ಮಧ್ಯಾಹ್ನವಾದರೂ ಬಾಗಿಲು ತೆರೆಯಲಿಲ್ಲವೆಂದು ನೆರೆಯವರು ಕರೆದರು. ಸೋನಾ ಮತ್ತು ಗಂಡ ಮುಖ್ತಾರ್ ರಜಾಯಿಯೊಳಗೆ ಕಾಲಿಟ್ಟುಕೊಂಡು, ದಿಂಬಿಗೊರಗಿ ಹಾಗೇ ಇದ್ದರು. ಮನೆ ಆಗಲೂ ಬೆಚ್ಚಗಿತ್ತು.

"ಸಾವಿಗೆ ಬಂದೋರೆಲ್ಲ ಹಣೆಬರಹ ಅಂದ್ರು," ಎನ್ನುತ್ತಾರೆ ಐವಜ್. "ನನ್ನ ಬೆನ್ನು ತಟ್ಟಿ ಹೇಳಿದ್ರು. ಹಣೆಬರಹ ಅಲ್ಲ ಸ್ವಾಮಿ, ರಬ್ಬರು. ನಾನೇ ಕೈಯಾರೆ ಒತ್ತಿ ಒತ್ತಿ ಕೂರಿಸಿದ ರಬ್ಬರು. ಅಮ್ಮ ಅರವತ್ತು ಚಳಿಗಾಲ ಕುರ್ಸಿ ಇಟ್ಲು, ಏನೂ ಆಗಲಿಲ್ಲ. ಯಾಕಂದ್ರೆ ಅಮ್ಮನ ಮನೆ ಕಿಟಕಿ ಕೆಟ್ಟದಾಗಿತ್ತು."

ಸೋನಾಗೆ ಒಬ್ಬಳೇ ಮಗಳು, ಉಲ್ಕರ್. ಆಗ ಹತ್ತೊಂಬತ್ತು, ತಬ್ರೀಜಿನಲ್ಲಿ ಓದುತ್ತಿದ್ದಳು. ಮಣ್ಣು ಕೊಟ್ಟ ದಿನ ಸೋದರಮಾವನ ಕಡೆ ನೋಡಲಿಲ್ಲ. ಏಳು ವರ್ಷ ಫೋನ್ ಇಲ್ಲ, ಹಬ್ಬಕ್ಕೆ ಕರೆದದ್ದಿಲ್ಲ. ಈಗ ಅವಳು ಅರ್ದಬೀಲಿನಲ್ಲಿಯೇ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮದುವೆ ಗೊತ್ತಾಗಿದೆ. ಬೀಗ ಹಾಕಿದ್ದ ತಾಯಿಯ ಮನೆಯಲ್ಲೇ ಸಂಸಾರ ಹೂಡಬೇಕೆಂದಿದ್ದಾಳೆ. ಆದರೆ ಆ ಕಿಟಕಿಗಳಿರುವವರೆಗೆ ಅಲ್ಲಿ ಮಲಗುವುದಿಲ್ಲವಂತೆ. ಮೂರು ಅಂಗಡಿಯವರು ಬಂದು ನೋಡಿ ಇಂಥ ಕಿಟಕಿ ಈಗ ಹುಡುಕಿದರೂ ಸಿಗುವುದಿಲ್ಲ, ತೆಗೆಸಬೇಡಿ ಎಂದರು. ಅವಳು ಪಟ್ಟು ಬಿಡಲಿಲ್ಲ. ಕೊನೆಗೆ ಒಬ್ಬ, ಗೋಡೆ ಒಡೆಯದೆ ಇವು ಬರುವುದಿಲ್ಲ, ಕೂರಿಸಿದವನನ್ನೇ ಕರೆಸಿ ಎಂದ.

"ಉಸ್ತಾ ಐವಜ್ ಅವರಾ?" ಎಂದು ಫೋನಿನಲ್ಲಿ ಅವಳು ಕೇಳಿದ್ದು. "ಆರು ಕಿಟಕಿ ತೆಗೀಬೇಕಿತ್ತು."

"ದನಿ ಅಕ್ಕಂದೇ," ಎನ್ನುತ್ತಾರೆ ಐವಜ್. "ಮಾವ ಅಂತ ಕರೀತಿದ್ಳು. ಉಸ್ತಾ ಅಂದ್ಳು."

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಅವರು ಹೋಗುತ್ತಾರೆ. ಉಲ್ಕರ್ ಬಾಗಿಲು ತೆರೆದು, ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾಳೆ. ಹಾಲಿನ ನಡುವೆ ಅದೇ ಗಿಡ್ಡ ಮೇಜಿದೆ, ಒರೆಸಿ ಹೊಳೆಯುವಂತೆ ಮಾಡಿಟ್ಟಿದ್ದಾಳೆ. ಐವಜ್ ಅದರ ಕಡೆ ನೋಡದೆ ಕೆಲಸ ಹಿಡಿಯುತ್ತಾರೆ. ಒಂದೊಂದು ಗಾಜೂ ಐವತ್ತು ಕಿಲೋ. ತಾವೇ ಹಾಕಿದ ತಿರುಪುಗಳನ್ನು ತಾವೇ ಬಿಚ್ಚಿ, ಗೋಡೆಗೆ ಒಂದು ಗೀರೂ ಬೀಳದಂತೆ ಹನ್ನೆರಡರೊಳಗೆ ಆರನ್ನೂ ಮೆಟ್ಟಿಲಿಳಿಸುತ್ತಾರೆ. ಆ ಹೊತ್ತಿಗೆ ಬೇರೆ ಅಂಗಡಿಯ ಇಬ್ಬರು ಆಳುಗಳು ಹೊಸ ಕಿಟಕಿ ತಂದಿಳಿಸುತ್ತಾರೆ. ಐವಜ್ ಸುಮ್ಮನಿರಲಾರದೆ ಲೈಟರ್ ಹಚ್ಚಿ ಒಂದು ಗಾಜಿಗೆ ಹಿಡಿಯುತ್ತಾರೆ. ನಾಲ್ಕೂ ಜ್ವಾಲೆ ಒಂದೇ ಬಣ್ಣ.

"ಉಲ್ಕರ್, ನಿಂಗೆ ಲೇಪದ ಗಾಜು ಅಂತ ಹೇಳಿ ಬರೀ ಗಾಜು ಕೊಟ್ಟಿದಾರೆ."

"ಇರಲಿ ಬಿಡಿ ಉಸ್ತಾ. ಸ್ವಲ್ಪ ಚಳಿ ಬರಲಿ. ಚಳಿ ಯಾರನ್ನೂ ನಿದ್ದೇಲಿ ಸಾಯ್ಸಲ್ಲ."

"ಚಳಿ ಬರುತ್ತೆ ಮಗಳೇ, ಗಾಳಿ ಬರಲ್ಲ. ಗಾಜು ಮೋಸದ್ದು, ಆದ್ರೆ ರಬ್ಬರು ಗಟ್ಟೀದು. ಚಳಿ ಆಗುತ್ತೆ ಅಂತ ನೀನು ಒಲೆ ಜಾಸ್ತಿ ಮಾಡ್ತೀಯ. ಆಮೇಲೆ..." ಅವರ ಕಣ್ಣು ಗಿಡ್ಡ ಮೇಜಿನ ಮೇಲೆ ನಿಲ್ಲುತ್ತದೆ. "ಅದನ್ನ ಯಾಕೆ ಇಳಿಸಿದೀಯ?"

"ಚಿಲ್ಲೆಗೆ ಇಡ್ತೀನಿ. ಅದು ನಮ್ಮಮ್ಮಂದು. ನಮ್ಮಮ್ಮನ್ನ ಕೊಂದಿದ್ದು ಕುರ್ಸಿ ಅಲ್ಲ, ನಿಮ್ಮ ಕಿಟಕಿ."

ಕಿಟಕಿ ಕೂರಿಸುತ್ತಿದ್ದ ಆಳುಗಳು ಕೈ ನಿಲ್ಲಿಸುತ್ತಾರೆ.

"ಕೆಂಡ ಬೇಡ," ಎನ್ನುತ್ತಾರೆ ಐವಜ್. "ಕರೆಂಟಿನ ಸಣ್ಣ ಹೀಟರ್ ಸಿಗುತ್ತೆ, ಮೇಜಿನಡಿಗೆ ಅಂತಾನೇ ಮಾಡಿರ್ತಾರೆ. ನಾನೇ ತಂದುಕೊಡ್ತೀನಿ."

"ಆವತ್ತು ನೀವೇ ಇದ್ದಿಲು ತಂದುಕೊಟ್ರಲ್ಲ. ಮನೆ ಅಷ್ಟು ಬಿಗಿ ಮಾಡಿದೋರು ನೀವೇ. ಹಿಂಗಾಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿರಲಿಲ್ಲ."

"ಗೊತ್ತಿರಬೇಕಾಗಿತ್ತು."

"ಹೌದು ಮಗಳೇ. ಗೊತ್ತಿರಬೇಕಾಗಿತ್ತು."

ಅವಳು ಒಳಗೆ ಹೋಗಿ ಚಹಾ ತರುತ್ತಾಳೆ. ಎರಡು ಲೋಟ, ಆ ಇಬ್ಬರು ಆಳುಗಳಿಗೆ. ಐವಜ್ ಚೀಲದಿಂದ ಕೊರೆಯುವ ಯಂತ್ರ ತೆಗೆದು ಬೇಡವೆನ್ನುತ್ತಾಳೇನೋ ಎಂದು ಒಂದು ಗಳಿಗೆ ಕಾಯುತ್ತಾರೆ. ಅವಳು ಬೇಡವೆನ್ನುವುದಿಲ್ಲ, ಬೇಕೆಂದೂ ಹೇಳುವುದಿಲ್ಲ. ಇಟ್ಟಿಗೆಯ ಕೆಂಪು ಧೂಳು ಕಂಬಳಿಯ ಮೇಲೆ ಬೀಳದಂತೆ ತಮ್ಮ ಕೋಟು ಹಾಸಿ ಅವರು ಎರಡು ತೂತು ಕೊರೆದು, ಜಾಲರಿ ಕೂರಿಸಿ, ಕೋಟನ್ನು ಹೊರಗೆ ಕೊಡವಿ ಹೊರಡುತ್ತಾರೆ.

ಆ ಆರು ಕಿಟಕಿಗಳು ಈಗ ಅವರ ಅಂಗಳದ ಗೋಡೆಗೆ ಒರಗಿ ನಿಂತಿವೆ. ಕೊಳ್ಳಲು ಆಗಲೇ ಇಬ್ಬರು ಬಂದು ಹೋದರು. "ಒಡೆಯೋಕೆ ಕೈ ಬರಲ್ಲ," ಎನ್ನುತ್ತಾರೆ ಐವಜ್. "ಇನ್ನೊಬ್ಬರ ಮನೆಗೆ ಹಾಕೋಕೂ ಕೈ ಬರಲ್ಲ. ಇಷ್ಟು ಒಳ್ಳೇ ಕೆಲಸ ನಾನು ಮತ್ತೆ ಮಾಡ್ಲಿಲ್ಲ, ಮಾಡೋದೂ ಇಲ್ಲ." ಹೀಟರ್ ಕೊಂಡು ಉಲ್ಕರಳ ಔಷಧಿ ಅಂಗಡಿಗೆ ಕಳಿಸಿದ್ದರಂತೆ. ಅದು ಎರಡೇ ದಿನಕ್ಕೆ, ಪೆಟ್ಟಿಗೆಯನ್ನೂ ಬಿಚ್ಚದೆ, ಹಿಂದಕ್ಕೆ ಬಂತು.

ನಮ್ಮ ಪತ್ರಿಕೆಯ ಪುರವಣಿಗೆ ಒಂದು ಫೋಟೋ ಬೇಕೆಂದರೆ ಅವರು ಕೈ ಅಡ್ಡ ಹಿಡಿಯುತ್ತಾರೆ.

"ನನ್ನ ಮುಖ ಹಾಕಿ ಯಾರಿಗೇನು ಉಪಯೋಗ? ಆ ಜಾಗದಲ್ಲಿ ಅಳತೆ ಹಾಕಿ. ಎರಡು ತೂತು, ಹತ್ತು ಸೆಂಟಿಮೀಟರ್ ಅಗಲ. ಒಂದು ನೆಲದಿಂದ ಗೇಣುದ್ದ ಮೇಲೆ, ಇನ್ನೊಂದು ಚಾವಣಿಯಿಂದ ಗೇಣುದ್ದ ಕೆಳಗೆ. ಬಟ್ಟೆ ತುರುಕಬೇಡಿ ಅಂತ ಬರೀರಿ. ತೂತು ಇದ್ರೂ ಕೆಂಡ ಮಾತ್ರ ಮನೆಯೊಳಗೆ ತರಲೇಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿ. ಅವಳನ್ನ ಮದುವೆ ಆಗೋ ಹುಡುಗ ನಿಮ್ಮ ಪೇಪರ್ ಓದ್ತಾನಂತೆ. ನಾನು ಹೇಳಿದ್ದನ್ನ ಅವಳು ಕೇಳಲ್ಲ, ಅಚ್ಚಾಗಿ ಬಂದಿದ್ದು ಕೇಳ್ತಾಳೇನೋ. ಚಿಲ್ಲೆಗೆ ಮುಂಚೆ ಹಾಕಿ, ಅಷ್ಟು ಮಾಡಿ."